ಹಿಡಿಯೇ ತಿಂದ ಅಲಗು: ಹಳೆಯ ಕ್ಷೌರದ ಕತ್ತಿಗೆ ಅಲ್ಯೂಮಿನಿಯಂ ಹಿಡಿ ಹಾಕಿದ ಒಂದು ಪ್ರಕರಣ

ಹಳೆಯ ಕ್ಷೌರದ ಕತ್ತಿ ತುಕ್ಕು ಹಿಡಿದು ಬಂದಾಗ ತಂದವರು ಹೇಳುವ ಕಾರಣ ಸಾಮಾನ್ಯವಾಗಿ ಒಂದೇ: ಮಳೆಗಾಲದ ಥಂಡಿ. ಬೆಳಗಾವಿಯಲ್ಲಿ ಕುಳಿತು ಅದನ್ನು ನಂಬದಿರುವುದೂ ಕಷ್ಟ. ಜೂನ್ ಹಿಡಿಯಿತೆಂದರೆ ಇಲ್ಲಿ ಗೋಡೆಗಳೇ ಒದ್ದೆ. ಆದರೆ ಈ ಕತ್ತಿಯನ್ನು ಹಾಳು ಮಾಡಿದ್ದು ಮಳೆಯಲ್ಲ, ಅದರದೇ ಹಿಡಿ. ಆ ಹಿಡಿ ತೆಗೆದು ಲೋಹದ ಹಿಡಿ ಹಾಕುವುದು ಸರಿಯೇ, ಹಾಕಿದರೆ ಯಾವ ಲೋಹ, ಹಾಕಿದ ಮೇಲೆ ಕತ್ತಿ ಕೈಯಲ್ಲಿ ಹೇಗೆ ಕೂಡುತ್ತದೆ ಎಂಬ ಪ್ರಶ್ನೆಗಳಿಗೆ ಈ ಒಂದೇ ಕೆಲಸದಲ್ಲಿ ಉತ್ತರ ಹುಡುಕಬೇಕಾಯಿತು. ಅದಕ್ಕೇ ಇದನ್ನು ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

ನನ್ನ ಹೊಟ್ಟೆಪಾಡು ಇಲ್ಲಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಟೂಲ್ ರೂಮಿನದು. ಕತ್ತಿಗಳು ಸಂಜೆಯ ಹವ್ಯಾಸ. ಕತ್ತಿ ತಂದವರು ಊರಲ್ಲೇ ಸಲೂನ್ ನಡೆಸುವ ಹಿರಿಯರು, ನಾನು ಕಾಕಾ ಅನ್ನುತ್ತೇನೆ. ಅವರ ಅಜ್ಜ ಹಡಪ (ಕ್ಷೌರದ ಸಾಮಾನಿನ ಚೀಲ) ಹೆಗಲಿಗೆ ಹಾಕಿಕೊಂಡು ಕ್ಯಾಂಪಿನ ಬಂಗಲೆಗಳಿಗೆ ಹೋಗಿ ಕ್ಷೌರ ಮಾಡುತ್ತಿದ್ದರಂತೆ. ಅಲ್ಲಿಯ ಯಾರೋ ಸಾಹೇಬ ಕೊಟ್ಟ ಕತ್ತಿ ಇದು ಎನ್ನುವುದು ಮನೆಯ ಮಾತು. ಬೆಳಗಾವಿ ಬ್ರಿಟಿಷರ ದಂಡಿನ ಊರಾಗಿದ್ದರಿಂದ ಮಾತು ನಂಬುವಂಥದ್ದೇ. ಆದರೆ ಕತ್ತಿಯ ಮೇಲೆ ಅದಕ್ಕೆ ಸಾಕ್ಷಿಯೇನೂ ಇಲ್ಲ.

"ತಮ್ಮಾ, ಇದಕ್ಕ ಹಿತ್ತಾಳಿ ಹಿಡಿ ಹಾಕಿಬಿಡು. ತೂಕ ಇರಬೇಕು ನೋಡು ಕೈಯಾಗ. ಅಜ್ಜನ ಹೆಸರಿಂದು ಎರಡ ಅಕ್ಷರ ಕೆತ್ತಸೋಣ," ಅಂದರು.

ಈ ಬೇಡಿಕೆಯ ಮೂಲ ಅವರ ಸಲೂನಿನಲ್ಲೇ ಇತ್ತು. ಏಡ್ಸ್ ಬಗ್ಗೆ ಜಾಗೃತಿ ಹರಡಿದ ಮೇಲೆ ನಮ್ಮ ಸಲೂನುಗಳಲ್ಲಿ ಮಸೆಯುವ ಕತ್ತಿ ಹಿಂದೆ ಸರಿದು, ಬ್ಲೇಡನ್ನು ಅರ್ಧ ಮುರಿದು ಸಿಕ್ಕಿಸುವ ಕತ್ತಿ ಬಂತು. ಅದರ ಹಿಡಿ ಬಹುತೇಕ ಸ್ಟೀಲಿನದು. ದಿನವಿಡೀ ಅದನ್ನೇ ಆಡಿಸಿದ ಕೈಗೆ ಲೋಹದ ಹಿಡಿ ಅಂದರೆ ಗಟ್ಟಿ, ಪ್ಲಾಸ್ಟಿಕ್ ಅಂದರೆ ಅಗ್ಗ. ಆದರೆ ಬ್ಲೇಡ್ ಸಿಕ್ಕಿಸುವ ಕತ್ತಿಯಲ್ಲಿ ಮುಂದಿನ ತಲೆಯೂ ಸ್ಟೀಲಿನದೇ. ಹಿಡಿಯ ಭಾರಕ್ಕೆ ಅದು ಎದುರು ನಿಲ್ಲುತ್ತದೆ. ಹಳೆಯ ಕತ್ತಿಯ ತೆಳ್ಳನೆ ಅಲಗಿಗೆ ಆ ಶಕ್ತಿ ಇಲ್ಲ.

ಕಂಡದ್ದು

ಅಲಗಿನ ಬುಡದಲ್ಲಿ ತಯಾರಕರ ಹೆಸರು ಸವೆದುಹೋಗಿತ್ತು. ಉಳಿದದ್ದು ಎರಡೇ ಪದ: ಸೋಲಿಂಗೆನ್, ಜರ್ಮನಿ. ಸೋಲಿಂಗೆನ್ ಕತ್ತಿಗಳಿಗೆ ಹೆಸರಾದ ಊರು. ಈ ದೇಶದ ಹೆಸರು ಕಾಲ ಹೇಳುತ್ತದೆ. 1887ರಲ್ಲಿ ಬ್ರಿಟನ್ನಿನಲ್ಲಿ, 1889ರಲ್ಲಿ ಇಂಡಿಯಾದಲ್ಲಿ ಸರಕಿನ ಮೇಲಿನ ಸುಳ್ಳು ಗುರುತುಗಳ ವಿರುದ್ಧ ಕಾಯ್ದೆಗಳು ಬಂದವು. 1890ರ ಅಮೆರಿಕದ ಸುಂಕ ಕಾಯ್ದೆ ಆಮದು ಸರಕಿನ ಮೇಲೆ ದೇಶದ ಹೆಸರು ಕಡ್ಡಾಯ ಮಾಡಿತು. ಅಲ್ಲಿಂದ ಮುಂದೆ ರಫ್ತಿನ ಕತ್ತಿಗಳ ಮೇಲೆ ಇಂಗ್ಲೆಂಡ್, ಜರ್ಮನಿ ಎಂದು ಒತ್ತುವುದು ರೂಢಿಯಾಯಿತು. ಹಾಗಾಗಿ ಇದು 1890ರ ದಶಕಕ್ಕಿಂತ ಹಳೆಯದಾಗಿರುವ ಸಂಭವ ಕಡಿಮೆ.

ಅಲಗಿನ ಅಗಲ ಒಂದು ಇಂಚಿನ ಎಂಟರಲ್ಲಿ ಐದು ಭಾಗ, ಅಂದರೆ ಸುಮಾರು 16 ಮಿಲಿಮೀಟರ್. ಬೆನ್ನು ನಾಲ್ಕೂವರೆ ಮಿಲಿಮೀಟರ್ ದಪ್ಪ. ನಡುವಿನ ಭಾಗ ಎರಡೂ ಕಡೆ ಒಳಬಾಗುವಂತೆ ಸಾಣೆ ಹಿಡಿದದ್ದು. ಬಾಯಿಯ, ಅಂದರೆ ಧಾರೆಯ ಅಂಚಿನ, ಹತ್ತಿರ ಉಗುರಿನಿಂದ ಒತ್ತಿದರೆ ಅಲಗು ಬಾಗುವುದು ಕಣ್ಣಿಗೇ ಕಾಣುತ್ತದೆ. ಸೋಲಿಂಗೆನ್ನಿನವರು ಹೆಸರು ಮಾಡಿದ್ದು ಈ ಕೆಲಸಕ್ಕೆ. ಇಂಗ್ಲೆಂಡಿನ ಶೆಫೀಲ್ಡ್ ಊರಿನ ಹಳೆಯ ಕತ್ತಿಗಳು ಇದಕ್ಕೆ ತದ್ವಿರುದ್ಧ, ಬೆಣೆಯಂತೆ ದಪ್ಪ.

ಹಿಡಿ ಆಮೆಚಿಪ್ಪಿನ ಬಣ್ಣದ್ದು, ಚಿಪ್ಪಲ್ಲ. ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿ ಮೂಸಿದರೆ ಕರ್ಪೂರ ಘಮ್ಮೆಂದಿತು. ಅಷ್ಟು ಸಾಕು: ಸೆಲ್ಯುಲಾಯ್ಡ್. ಸೆಲ್ಯುಲೋಸ್ ನೈಟ್ರೇಟಿಗೆ ಕರ್ಪೂರ ಬೆರೆಸಿ ಮಾಡಿದ ಪ್ಲಾಸ್ಟಿಕ್ ಇದು. ಬಿಲಿಯರ್ಡ್ಸ್ ಚೆಂಡಿಗೆ ದಂತದ ಬದಲು ಏನಾದರೂ ಬೇಕೆಂದು ಹುಡುಕುತ್ತಿದ್ದ ಜಾನ್ ವೆಸ್ಲಿ ಹಯಾತ್ 1870ರಲ್ಲಿ ಅಮೆರಿಕದಲ್ಲಿ ಇದರ ಪೇಟೆಂಟ್ ಪಡೆದ. ದಂತ, ಕೊಂಬು, ಆಮೆಚಿಪ್ಪು ಯಾವುದರ ವೇಷವನ್ನಾದರೂ ಹಾಕುವ ಈ ವಸ್ತುವನ್ನು ಕತ್ತಿ ತಯಾರಕರು ಬಾಚಿಕೊಂಡರು. ಅದರ ರೋಗ ಗೊತ್ತಾಗಲು ಕಾಲ ಹಿಡಿಯಿತು. ಹಳತಾದಂತೆ ಸೆಲ್ಯುಲಾಯ್ಡ್ ತಾನಾಗಿ ಕೊಳೆಯುತ್ತದೆ, ನೈಟ್ರೋಜನ್ ಆಕ್ಸೈಡ್ ಅನಿಲ ಬಿಡುತ್ತದೆ. ಅದು ಗಾಳಿಯ ತೇವದೊಂದಿಗೆ ಸೇರಿ ನೈಟ್ರಿಕ್ ಆಮ್ಲವಾಗುತ್ತದೆ. ಹುಟ್ಟಿದ ಆಮ್ಲ ಕೊಳೆಯುವಿಕೆಯನ್ನು ಇನ್ನಷ್ಟು ಬೇಗ ಮಾಡುತ್ತದೆ.

ಇದು ನೀರಿನ ತುಕ್ಕಲ್ಲ ಎಂದು ನಾನು ನಿರ್ಧರಿಸಿದ್ದು ತುಕ್ಕು ಕೂತ ಜಾಗ ನೋಡಿ. ನೀರಿನ ತುಕ್ಕಾಗಿದ್ದರೆ ಒದ್ದೆ ಬೆರಳು ತಾಗುವ ಬುಡದಲ್ಲಿ, ನೀರು ನಿಲ್ಲುವ ಪಿನ್ನಿನ ಸುತ್ತ ಹೆಚ್ಚಿರಬೇಕಿತ್ತು. ಇಲ್ಲಿ ಹಿಡಿಯಿಂದ ಹೊರಗಿದ್ದ ಬುಡ ಬಹುತೇಕ ಸ್ವಚ್ಛ. ಮಡಚಿದಾಗ ಹಿಡಿಯ ಎರಡು ಪಕ್ಕೆಗಳ (ಅಕ್ಕಪಕ್ಕದ ಪಟ್ಟಿಗಳ) ನಡುವೆ ಅಡಗುವ ಭಾಗಕ್ಕೆ ಮಾತ್ರ ಕಂದು ಕಲೆ, ಕುಳಿ. ಹಿಡಿಯ ಮಧ್ಯದಲ್ಲಿ ಒಂದು ಕಡೆ ಸೆಲ್ಯುಲಾಯ್ಡ್ ಸಣ್ಣ ಸಣ್ಣ ಚೌಕಗಳಾಗಿ ಬಿರಿದು, ಬೆರಳಿಟ್ಟರೆ ಸಕ್ಕರೆಯಂತೆ ಉದುರುತ್ತಿತ್ತು. ಕತ್ತಿ ಮಡಚಿ ನೋಡಿದರೆ ಆ ಬಿರುಕಿನ ನೇರಕ್ಕೇ ಅತಿ ಆಳದ ಕುಳಿ. ಮೇಲಿಂದ ಕಾಕಾ ಅದನ್ನು ಮುಚ್ಚಳ ಬಿಗಿಯಾದ ತಗಡಿನ ಡಬ್ಬಿಯಲ್ಲಿಟ್ಟಿದ್ದರು. ಥಂಡಿ ತಾಗಬಾರದೆಂಬ ಕಾಳಜಿ. ಹೊರಗೆ ಹೋಗಬೇಕಿದ್ದ ಅನಿಲ ಒಳಗೇ ಉಳಿಯಿತು. ಅದೇ ಡಬ್ಬಿಯಲ್ಲಿದ್ದ ಕೊಂಬಿನ ಹಿಡಿಯ ಇನ್ನೆರಡು ಕತ್ತಿಗಳ ಮೇಲೂ ಕಂದು ಚುಕ್ಕೆ ಏಳತೊಡಗಿತ್ತು.

ಆದ್ದರಿಂದ ಹಳೆಯ ಹಿಡಿ ಉಳಿಸುವ ಪ್ರಶ್ನೆ ಬರಲಿಲ್ಲ. ಹಿಡಿ ಚೆನ್ನಾಗಿದ್ದರೆ ತೆಗೆಯಬಾರದು ಎನ್ನುವವನು ನಾನು. ಕೊಂಬಿನ ಹಿಡಿ ಕಿತ್ತು ಫಳಫಳ ಲೋಹ ಹಾಕಿಸಿಕೊಳ್ಳುವ ಈಚಿನ ಶೋಕಿ ನನಗೆ ಸೇರುವುದಿಲ್ಲ. ಆದರೆ ಕೊಳೆಯುತ್ತಿರುವ ಸೆಲ್ಯುಲಾಯ್ಡಿಗೆ ಮದ್ದಿಲ್ಲ. ಮೇಲೆ ಪಾಲಿಶ್ ಹೊಡೆದರೆ ಒಳಗಿನ ಕೊಳೆ ನಿಲ್ಲುವುದಿಲ್ಲ. ಪಕ್ಕೆಗಳನ್ನು ಕಾಗದದ ಮೇಲಿಟ್ಟು ಪೆನ್ಸಿಲಿನಿಂದ ಆಕಾರ ಎಳೆದುಕೊಂಡೆ, ದಪ್ಪ ಅಳೆದುಕೊಂಡೆ. ಪಿನ್ನಿನ ತಲೆಗಳನ್ನು ಕೈ ಅರದಿಂದ ಉಜ್ಜಿ, ತೆಳ್ಳನೆ ಪಂಚಿನಿಂದ ತಳ್ಳಿ ಬಿಚ್ಚಿದೆ. ಇಲ್ಲಿ ಗ್ರೈಂಡರ್ ಹಿಡಿಯಬಾರದು. ಇದು ಹಳೆಯ ಕಾಲದ ಸಿನಿಮಾ ರೀಲಿನ ಜಾತಿಯ ವಸ್ತು, ಕಿಡಿ ತಾಗಿದರೆ ಭಗ್ಗೆಂದು ಹತ್ತಿಕೊಳ್ಳುತ್ತದೆ. ಚೂರುಗಳನ್ನು ನೀರಿನ ಡಬ್ಬಿಯಲ್ಲಿ ಹಾಕಿ ಮನೆಯಿಂದ ಹೊರಗಿಟ್ಟೆ.

ಅಲಗಿನ ಕೆಲಸ ಚಿಕ್ಕದಾಗಿ ಹೇಳುತ್ತೇನೆ. ಮೊದಲು ಅಡುಗೆ ಸೋಡಾ ನೀರಿನಲ್ಲಿ ತೊಳೆದು ಆಮ್ಲದ ಅಂಶ ಕಳೆದೆ, ಕೂಡಲೇ ಒರೆಸಿ ಒಣಗಿಸಿದೆ. ಬಾಯಿಗೆ ಟೇಪು ಸುತ್ತಿ, ಪೇಂಟಿನವರು ಬಳಸುವ ವಾಟರ್ ಪೇಪರನ್ನು ಎಣ್ಣೆ ಹಚ್ಚಿ ಉಜ್ಜಿದೆ: ಒರಟಿನಿಂದ ನಯಕ್ಕೆ 600, 1000, 2000 ನಂಬರಿನವು. ಉದ್ದಕ್ಕೂ ಕೈಯಿಂದಲೇ. ಬಫ್ ಮಷೀನಿಗೆ ಹಿಡಿದರೆ ಬೇಗ ಮುಗಿಯುತ್ತದೆ, ಕತ್ತಿಯೂ ಮುಗಿಯುತ್ತದೆ. ಇಂಗಾಲದ ಉಕ್ಕಿನ ಈ ಅಲಗುಗಳಿಗೆ ಹದ ಕೊಡುವುದು 200 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ. ಕಾಗದದಷ್ಟು ತೆಳುವಾದ ಬಾಯಿ ಬಫ್ ಚಕ್ರದ ಕೆಳಗೆ ಕ್ಷಣಾರ್ಧದಲ್ಲಿ ಆ ಬಿಸಿ ದಾಟುತ್ತದೆ. ನೀಲಿ ಬಣ್ಣ ಕಂಡಿತೆಂದರೆ ಆ ಜಾಗದ ಹದ ಹೋಯಿತು, ಮತ್ತೆಷ್ಟು ಮಸೆದರೂ ಧಾರೆ ನಿಲ್ಲದು. ಚಕ್ರ ಅಲಗನ್ನು ಕಿತ್ತು ಎಸೆಯುವ ಅಪಾಯ ಬೇರೆ. ನಡುವಿನ ಆಳದ ಕುಳಿಗಳನ್ನು ಹಾಗೇ ಬಿಟ್ಟೆ. ಅವು ಮಾಯವಾಗುವ ತನಕ ಉಜ್ಜಿದರೆ ಉಳಿಯಲು ಅಲಗೇ ಇರುವುದಿಲ್ಲ. ಬಾಯಿಯ ತುದಿಯಲ್ಲಿ ಒಂದು ಚಕ್ಕೆ ಎದ್ದಿತ್ತು. ಅದನ್ನು ಕಳೆಯಲು ಸುಮಾರು ಒಂದು ಮಿಲಿಮೀಟರ್ ಅಗಲ ಕಳೆದುಕೊಳ್ಳಬೇಕಾಯಿತು.

ಯಾವ ಲೋಹ?

ಕತ್ತಿಗೆ ಲೋಹದ ಹಿಡಿ ಹೊಸದೇನಲ್ಲ. 1886ರಲ್ಲಿ ಅಮೆರಿಕದಲ್ಲಿ ಹಾಲ್, ಫ್ರಾನ್ಸಿನಲ್ಲಿ ಎರೂ ಬೇರೆ ಬೇರೆಯಾಗಿ ವಿದ್ಯುತ್ತಿನಿಂದ ಅಲ್ಯೂಮಿನಿಯಂ ತೆಗೆಯುವ ಬಗೆ ಕಂಡುಹಿಡಿದರು. ಅಲ್ಲಿಯವರೆಗೆ ದುಬಾರಿಯಾಗಿದ್ದ ಲೋಹ ಅಗ್ಗವಾಯಿತು, ಕೆಲವೇ ವರ್ಷಗಳಲ್ಲಿ ಉಬ್ಬುಚಿತ್ರದ ಅಲ್ಯೂಮಿನಿಯಂ ಹಿಡಿಯ ಕತ್ತಿಗಳೂ ಮಾರುಕಟ್ಟೆಗೆ ಬಂದವು. ಬೆಳ್ಳಿಯ ಹಿಡಿಗಳೂ ಇದ್ದವು, ಶ್ರೀಮಂತರಿಗೆ. ದಂತ, ಆಮೆಚಿಪ್ಪು ಈಗ ನಮ್ಮಲ್ಲಿ ಕಾನೂನಿಗೆ ವಿರುದ್ಧ, ಯೋಚಿಸುವಂತೆಯೂ ಇಲ್ಲ. ಎಮ್ಮೆಕೊಂಬು ಹಾಕಬಹುದಿತ್ತು, ನಾನು ಅದನ್ನೇ ಹೇಳಿದ್ದು. ಕಾಕಾ ಒಪ್ಪಲಿಲ್ಲ. ಕೊಂಬಿಗೆ ಹುಳ ಬೀಳುತ್ತದೆ ಅಂದರು, ಅದು ನಿಜ. ಲೋಹವೇ ಆಗಬೇಕು, ಅದೂ ಹಿತ್ತಾಳೆ.

ಆಗ ಲೆಕ್ಕ ಹಾಕಿ ತೋರಿಸಿದೆ. ಹಳೆಯ ಪಕ್ಕೆಗಳ ಉದ್ದ 150 ಮಿಲಿಮೀಟರ್, ಸರಾಸರಿ ಅಗಲ 13, ದಪ್ಪ ಎರಡೂವರೆ. ಎರಡೂ ಸೇರಿ ಸುಮಾರು 9.75 ಘನ ಸೆಂಟಿಮೀಟರ್. ಸೆಲ್ಯುಲಾಯ್ಡಿನ ಸಾಂದ್ರತೆ 1.4ರ ಹತ್ತಿರ, ಹಾಗಾಗಿ ತೂಕ 14 ಗ್ರಾಂ. ಅದೇ ಅಳತೆಯ ಹಿತ್ತಾಳೆ ಹಾಕಿದರೆ, ಸಾಂದ್ರತೆ 8.5, ತೂಕ 80 ಗ್ರಾಂ ದಾಟುತ್ತದೆ. ಇಡೀ ಅಲಗಿನ ತೂಕ 30 ಗ್ರಾಮಿನ ಆಜುಬಾಜು! ಹಿತ್ತಾಳೆಯನ್ನು ಒಂದು ಮಿಲಿಮೀಟರಿಗೆ ತೆಳುಮಾಡಿದರೂ 33 ಗ್ರಾಂ ಉಳಿಯುತ್ತದೆ. 16 ಗೇಜಿನ ಅಲ್ಯೂಮಿನಿಯಂ ತಗಡು, ಅಂದರೆ 1.6 ಮಿಲಿಮೀಟರ್ ದಪ್ಪದ್ದು, ಹಾಕಿದರೆ 17 ಗ್ರಾಂ. ಹಳೆಯದಕ್ಕೆ ಮೂರೇ ಗ್ರಾಂ ಹೆಚ್ಚು.

ತೂಕ ಹೆಚ್ಚಾದರೆ ಏನು ಕಷ್ಟ ಎಂದು ಕೇಳಬಹುದು. ಕತ್ತಿ ಹಿಡಿಯುವುದು ಹಿಡಿಯಲ್ಲಲ್ಲ, ಅಲಗಿನ ಬುಡದಲ್ಲಿ. ಹಿಡಿ ಕಿರುಬೆರಳಿನ ಕಡೆ ಮೇಲೆದ್ದು ನಿಂತಿರುತ್ತದೆ. ಬಿಚ್ಚಿದ ಕತ್ತಿಯನ್ನು ಬೆರಳ ಮೇಲೆ ಅಡ್ಡಲಾಗಿ ನಿಲ್ಲಿಸಿದರೆ ಅದು ತೂಗುವ ಬಿಂದು ತಿರುಗುಪಿನ್ನಿನ ಹತ್ತಿರ, ಸ್ವಲ್ಪ ಅಲಗಿನ ಕಡೆಗೇ ಇರಬೇಕು. ಆಗ ಅಲಗು ತನ್ನ ಭಾರದಿಂದಲೇ ಮುಖದ ಮೇಲೆ ಕೂಡುತ್ತದೆ, ಕೈ ದಾರಿ ತೋರಿಸಿದರೆ ಸಾಕು. ಬಿಂದು ಹಿಡಿಯ ಕಡೆಗೆ ಜಾರಿದರೆ ಅಲಗು ಮೇಲೇಳಲು ನೋಡುತ್ತದೆ, ಅದನ್ನು ತಡೆಯಲು ಕೈ ಒತ್ತುತ್ತದೆ. ಕ್ಷೌರದ ಕತ್ತಿಯಲ್ಲಿ ಒತ್ತಿದವನಿಗೆ ರಕ್ತ ತಪ್ಪಿದ್ದಲ್ಲ.

ಹಿತ್ತಾಳೆಗೆ ಇನ್ನೊಂದು ದೋಷವೂ ಉಂಟು. ಎರಡು ಲೋಹ ತಾಗಿಕೊಂಡು ನಡುವೆ ನೀರು ನಿಂತರೆ ಒಂದು ಲೋಹ ಇನ್ನೊಂದನ್ನು ಕಾಯುತ್ತಾ ತಾನು ಸವೆಯುತ್ತದೆ. ಹಿತ್ತಾಳೆ ಮತ್ತು ಉಕ್ಕು ಜೊತೆಯಾದರೆ ಸವೆಯುವುದು ಉಕ್ಕು. ಅಲ್ಯೂಮಿನಿಯಂ ಮತ್ತು ಉಕ್ಕು ಜೊತೆಯಾದರೆ ಸವೆಯುವುದು ಅಲ್ಯೂಮಿನಿಯಂ. ಹಿಡಿ ಮತ್ತೆ ಮಾಡಬಹುದು, ಅಲಗು ಮಾಡಲಾಗದು. ಒಂದು ಹಿಡಿಯ ಆಮ್ಲದಿಂದ ಬಿಡಿಸಿಕೊಂಡ ಕತ್ತಿಗೆ ಅದರ ಉಕ್ಕನ್ನೇ ತಿನ್ನುವ ಇನ್ನೊಂದು ಹಿಡಿ ಯಾಕೆ?

ಇಷ್ಟು ಹೇಳಿದರೂ ಕಾಕಾ ಹುಂ ಅನ್ನಲಿಲ್ಲ. ಅವರ ಕೈ ಒಪ್ಪದೆ ತಲೆ ಒಪ್ಪುವುದಿಲ್ಲ ಎಂದು ಗೊತ್ತಾಯಿತು. ಒಂದು ಮಿಲಿಮೀಟರ್ ಹಿತ್ತಾಳೆಯಲ್ಲೊಂದು, ಅಲ್ಯೂಮಿನಿಯಮ್ಮಿನಲ್ಲೊಂದು, ಎರಡು ಕಚ್ಚಾ ಹಿಡಿ ಕತ್ತರಿಸಿದೆ. ರಿವೆಟ್ ಹೊಡೆಯದೆ ಗಡಿಯಾರ ರಿಪೇರಿಯವರಿಂದ ತಂದ ಸಣ್ಣ ಸ್ಕ್ರೂಗಳಲ್ಲಿ ಕೂಡಿಸಿದೆ. ಬಾಯಿಗೆ ಟೇಪು ಹಾಕಿ ಅವರ ಕೈಗೆ ಕೊಟ್ಟೆ. ಹಿತ್ತಾಳೆಯದನ್ನು ಮೊದಲು ಹಿಡಿದು ಖುಷಿಯಾಗಿ ತಿರುಗಿಸಿದರು. ಆಮೇಲೆ ನನ್ನನ್ನೇ ಕುರ್ಚಿಯಲ್ಲಿ ಕೂರಿಸಿ, ಟೇಪು ಹಾಕಿದ ಅಲಗನ್ನು ಕೆನ್ನೆಯಿಂದ ಗದ್ದದ ಕೆಳಗೆ ತಂದರು. ಗದ್ದದ ತಿರುವಿನಲ್ಲಿ ಕೈ ನಿಂತಿತು.

"ಹಿಂದಕ್ಕ ಜಗ್ಗತೈತೋ ಇದು."

ಅಲ್ಯೂಮಿನಿಯಂ ಹಿಡಿಯಲ್ಲಿ ಅದೇ ತಿರುವನ್ನು ಸಲೀಸಾಗಿ ದಾಟಿದರು. ಏನೂ ಹೇಳಲಿಲ್ಲ, ಹಿತ್ತಾಳೆಯದನ್ನು ಮೇಜಿನ ಆ ಕಡೆಗೆ ಸರಿಸಿದರು. ಆಮೇಲೆ ಹಿಡಿಯ ಬಾಲದ ಕಡೆ ಪಕ್ಕೆಗಳ ನಡುವೆ ಕೂಡುವ ಬೆಣೆಯನ್ನಾದರೂ ಹಿತ್ತಾಳೆಯದು ಮಾಡು ಅಂದರು. ಅದಕ್ಕೂ ಬೇಡವೆಂದೆ. ಬೆಣೆ ಚಿಕ್ಕದಾದರೂ ಪಿನ್ನಿನಿಂದ ಅತಿ ದೂರದಲ್ಲಿರುತ್ತದೆ. ಅಲ್ಲಿ ಕೂತ ನಾಲ್ಕೈದು ಗ್ರಾಂ ತಗಡಿನಲ್ಲಿ ಉಳಿಸಿದ್ದನ್ನೆಲ್ಲ ನುಂಗಿಹಾಕುತ್ತದೆ. ಹಳೆಯ ಶೆಫೀಲ್ಡಿನವರು ಬಾಲದಲ್ಲಿ ಸೀಸದ ಬೆಣೆ ಹಾಕುತ್ತಿದ್ದದ್ದು ಉಂಟು. ಆದರೆ ಅವರ ಅಲಗುಗಳ ತೂಕವೇ ಬೇರೆ. ಆ ದಪ್ಪ ಅಲಗಿಗೆ ಹಿಂದೆ ಭಾರ ಬೇಕಿತ್ತು. ಈ ತೆಳ್ಳನೆಯದಕ್ಕೆ ಬೆಣೆಯೂ ಅಲ್ಯೂಮಿನಿಯಂ ಆಯಿತು. ಹಿತ್ತಾಳೆಯ ಆಸೆ ಪಿನ್ನಿನ ತಲೆಯ ಕೆಳಗಿನ ಗುಬ್ಬಿ ವಾಷರುಗಳಿಗೆ, ಅಂದರೆ ಉಬ್ಬಿದ ಸಣ್ಣ ಬಿಲ್ಲೆಗಳಿಗೆ, ನಿಂತಿತು.

ಬಾಯಿ ಮತ್ತು ಪಕ್ಕೆ

ಲೋಹದ ಹಿಡಿಯಲ್ಲಿ ನಿಜವಾದ ಕಷ್ಟ ತೂಕದ್ದಲ್ಲ. ತೂಕ ಲೆಕ್ಕಕ್ಕೆ ಸಿಗುತ್ತದೆ. ಕಷ್ಟ ಇರುವುದು ಮಡಚುವಾಗ. ಕೊಂಬು, ಸೆಲ್ಯುಲಾಯ್ಡ್ ಮೆತ್ತನೆಯವು. ಅಲಗು ಒಂದು ಕೂದಲೆಳೆ ವಾಲಿ ಪಕ್ಕೆಗೆ ತಾಗಿದರೆ ಪಕ್ಕೆಯ ಒಳಗೆ ಗೀರು ಬೀಳುತ್ತದೆ, ಬಾಯಿಗೆ ಹೆಚ್ಚೇನೂ ಆಗುವುದಿಲ್ಲ. ಹಳೆಯ ಹಿಡಿಯ ಒಳಗೆ ಅಂಥ ಗೀರು ಇತ್ತು ಕೂಡ. ಲೋಹದ ಪಕ್ಕೆಗೆ ತಾಗಿದರೆ ಬಾಯಿಯೇ ಚಕ್ಕೆ ಏಳುತ್ತದೆ. ಅದರಲ್ಲೂ ನಾನು ಈ ಪಕ್ಕೆಗಳನ್ನು ಆನೋಡೈಸ್ ಮಾಡಿಸುವವನಿದ್ದೆ. ಅಲ್ಯೂಮಿನಿಯಂ ಬರಿದೇ ಬಿಟ್ಟರೆ ಬೆವರು, ಸೋಪಿನ ನೀರಿಗೆ ಮಂಕಾಗುತ್ತದೆ, ಬೆರಳಿಗೆ ಕಪ್ಪು ಹತ್ತುತ್ತದೆ. ಆನೋಡೈಸ್ ಮಾಡಿದರೆ ಮೇಲೆ ಅಲ್ಯೂಮಿನಿಯಂ ಆಕ್ಸೈಡಿನ ಪದರ ಕೂಡುತ್ತದೆ. ಸಾಣೆಕಲ್ಲು ಮಾಡುವುದೂ ಅಲ್ಯೂಮಿನಿಯಂ ಆಕ್ಸೈಡಿನಿಂದಲೇ. ಅಂದರೆ ಮಡಚಿದಾಗಲೆಲ್ಲ ಬಾಯಿ ಎರಡು ಸಾಣೆಗಳ ನಡುವೆ ಇಳಿಯುತ್ತದೆ. ತಾಗಬಾರದು ಎಂದರೆ ತಾಗಲೇಬಾರದು.

ಸುಲಭದ ದಾರಿ ಒಳಗೆ ತೊಗಲು ಅಂಟಿಸುವುದು ಎಂದು ಅನ್ನಿಸುತ್ತದೆ. ಅದು ಬೇಡ. ತೊಗಲು ತೇವ ಹಿಡಿದಿಟ್ಟುಕೊಳ್ಳುತ್ತದೆ, ಹದ ಮಾಡುವಾಗಿನ ರಾಸಾಯನಿಕಗಳೂ ಅದರಲ್ಲಿರುತ್ತವೆ, ಮತ್ತೆ ತುಕ್ಕಿಗೆ ಮನೆ ಮಾಡಿಕೊಟ್ಟಂತೆ. ಅಂತರವನ್ನೇ ಸರಿಯಾಗಿ ಕೊಡಬೇಕು. ಅಂತರ ಕೊಡುವುದು ಎರಡು ಸಂಗತಿ: ಬಾಲದ ಬೆಣೆ ಮತ್ತು ಪಕ್ಕೆಯ ಬಾಗು.

ಬೆಣೆ ಬಾಲದ ತುದಿಯಲ್ಲಿ ದಪ್ಪ, ಒಳಗೆ ಬರುತ್ತಾ ತೆಳು. ಪಿನ್ನು ಬಿಗಿದಾಗ ಪಕ್ಕೆಗಳು ಅದರ ಇಳಿಜಾರಿಗೆ ಒರಗಿ, ನಡುವೆ ಹೊರಕ್ಕೆ ತುಸು ಬಾಗಿ, ತಿರುಗುಪಿನ್ನಿನ ಕಡೆ ಅಲಗಿನ ಬುಡವನ್ನು ಒತ್ತಿ ಹಿಡಿಯುತ್ತವೆ. ಸೆಲ್ಯುಲಾಯ್ಡ್ ತಾನಾಗಿ ಬಾಗಿಕೊಳ್ಳುತ್ತದೆ. ಅಲ್ಯೂಮಿನಿಯಂ ಹಾಗಲ್ಲ. ದಪ್ಪ ಕಡಿಮೆಯಿದ್ದರೂ ಈ 1.6 ಮಿಲಿಮೀಟರ್ ತಗಡು ಹಳೆಯ ಪಕ್ಕೆಗಿಂತ ಹತ್ತಿರ ಹತ್ತಿರ ಒಂಬತ್ತು ಪಟ್ಟು ಸೆಟೆದು ನಿಲ್ಲುತ್ತದೆ. ಪಿನ್ನಿನ ಬಲದಿಂದ ಬಾಗಿಸಲು ಹೋದರೆ ತಿರುಗುವ ಕಡೆ ಬಿಗಿತ ಮಿತಿಮೀರುತ್ತದೆ: ಒಂದು ಏಟು ಹೆಚ್ಚಾದರೆ ಕತ್ತಿ ತೆರೆಯುವುದಿಲ್ಲ, ಒಂದು ಕಡಿಮೆಯಾದರೆ ಅಲಗು ಜೋಲುತ್ತದೆ. ಹಾಗಾಗಿ ಬಾಗನ್ನು ಮೊದಲೇ ಕೊಟ್ಟೆ. ದಪ್ಪ ಪೈಪಿನ ಮೇಲೆ ಪಕ್ಕೆಯನ್ನಿಟ್ಟು ಹೆಬ್ಬೆರಳುಗಳಿಂದ ಒತ್ತುತ್ತಾ, ಎರಡನ್ನೂ ಬೆನ್ನಿಗೆ ಬೆನ್ನು ಹಚ್ಚಿ ಬೆಳಕಿಗೆ ಹಿಡಿದು ಒಂದೇ ಆಗುವವರೆಗೆ ತಿದ್ದಿದೆ.

ಇಷ್ಟಾದ ಮೇಲೆ ಸ್ಕ್ರೂ ಹಾಕಿ ಮಡಚಿದರೆ ಅಲಗು ಎಡಕ್ಕೆ ವಾಲಿತು. ಹಿಡಿಯ ತಪ್ಪಲ್ಲ. ಅಲಗೇ ಬುಡದಲ್ಲಿ ಸ್ವಲ್ಪ ಸೊಟ್ಟ. ಕೈಯಿಂದ ಸಾಣೆ ಹಿಡಿದ ಹಳೆಯ ಅಲಗುಗಳಲ್ಲಿ ಇದು ಅಪರೂಪವಲ್ಲ. ಹಳೆಯ ಹಿಡಿಯೊಳಗಿನ ಗೀರೂ ಎಡಗಡೆಯಲ್ಲೇ ಇತ್ತು. ನೆಟ್ಟಗೆ ಮಾಡಲು ಬಡಿಯುವಂತಿಲ್ಲ, ಹದಗೊಂಡ ಉಕ್ಕು ಗಾಜಿನ ಹಾಗೆ ಒಡೆಯುತ್ತದೆ. ಹಿಡಿಯನ್ನೇ ಸೊಟ್ಟಕ್ಕೆ ಒಗ್ಗಿಸಬೇಕು. ತಿರುಗುಪಿನ್ನಿನಲ್ಲಿ ಅಲಗಿನ ಎರಡೂ ಕಡೆ ಟೆಫ್ಲಾನ್ ಹಾಳೆಯಿಂದ ಕತ್ತರಿಸಿದ ವಾಷರ್ ಹಾಕಿದ್ದೆ. ಎಡಗಡೆ ಇನ್ನೊಂದು ತೆಳು ವಾಷರ್ ಸೇರಿಸಿದೆ. ಬೆಣೆಯ ಒಂದು ಮುಖವನ್ನು ಸಣ್ಣ ಅರದಿಂದ ತುಸು ಓರೆ ಮಾಡಿದೆ. ಪ್ರತಿಸಲವೂ ಬಿಚ್ಚಿ, ಉಜ್ಜಿ, ಕೂಡಿಸಿ, ಮಡಚಿ ನೋಡಬೇಕು. ಈ ಕೆಲಸಕ್ಕೆ ತಾಳ್ಮೆ ಬಿಟ್ಟು ಬೇರೆ ಉಪಕರಣವಿಲ್ಲ, ಸ್ಕ್ರೂಗಳಿಲ್ಲದಿದ್ದರೆ ಅದೂ ಸಾಲದು. ಕೊನೆಗೆ ಮಡಚಿದ ಕತ್ತಿಯನ್ನು ದೀಪಕ್ಕೆ ಎದುರಾಗಿ ಹಿಡಿದರೆ ಬಾಯಿಯ ಎರಡೂ ಬದಿಗೆ ಬೆಳಕಿನ ಗೆರೆ ಸಮನಾಗಿ ಕಂಡಿತು. ತೆಳ್ಳನೆ ಕಾಗದದ ಪಟ್ಟಿ ಎರಡೂ ಕಡೆ ಬುಡದಿಂದ ತುದಿವರೆಗೆ ತಡೆಯಿಲ್ಲದೆ ಜಾರಿತು.

ತಗಡು ಕತ್ತರಿಸುವವರಿಗೆ ಎರಡು ಮಾತು. ಪಕ್ಕೆಗಳೆರಡನ್ನೂ ಡಬಲ್ ಟೇಪಿನಿಂದ ಜೋಡಿಸಿ ಒಟ್ಟಿಗೇ ಅರ ಹಾಕಬೇಕು, ಒಟ್ಟಿಗೇ ತೂತು ಕೊರೆಯಬೇಕು. ಬೇರೆ ಬೇರೆ ಕೊರೆದ ತೂತು ಎಂದೂ ಹೊಂದುವುದಿಲ್ಲ. ಅಲ್ಯೂಮಿನಿಯಂ ಅರದ ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ಅರಕ್ಕೆ ಮೊದಲೇ ಸೀಮೆಸುಣ್ಣ ತಿಕ್ಕಿದರೆ ಮೆತ್ತುವುದಿಲ್ಲ. ಕೊರೆಯುವಾಗ ಒಂದು ಹನಿ ಸೀಮೆಎಣ್ಣೆ. ಒಳಗಿನ ಅಂಚುಗಳನ್ನು ಗುಂಡಗೆ ಮಾಡದೆ ಬಿಟ್ಟರೆ ಮಡಚಿದಾಗಲೆಲ್ಲ ಅಲಗಿನ ಬುಡಕ್ಕೆ ತಾಗಿ ಗೀರುತ್ತವೆ.

ಅಜ್ಜನ ಹೆಸರಿನ ಅಕ್ಷರಗಳನ್ನು ಆನೋಡೈಸಿಗೆ ಮುಂಚೆಯೇ ಕೆತ್ತಿಸಿದೆವು. ಆಮೇಲೆ ಕೆತ್ತಿದರೆ ಪದರ ಒಡೆದು ಅಲ್ಲಿಂದಲೇ ಮಂಕು ಶುರುವಾಗುತ್ತದೆ. ಬಣ್ಣ ಕಪ್ಪು, ಕೊಂಬಿನ ನೆನಪಿಗೆ ಅದೇ ಹತ್ತಿರ. ಪಿನ್ನಿಗೆ 1.6 ಮಿಲಿಮೀಟರಿನ ಹಿತ್ತಾಳೆ ತಂತಿ. ಹಿತ್ತಾಳೆ ಅಲ್ಯೂಮಿನಿಯಮ್ಮಿಗೆ ನೇರ ತಾಗದಂತೆ ತೂತಿನ ಒಳಗೆ, ಹೊರಗಿನ ವಾಷರಿನ ಕೆಳಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಸವರಿದೆ. ಗುಂಡುತಲೆಯ ಸಣ್ಣ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ತಲೆ ಮಾಡುವುದು, ಹೊಡೆಯುವುದಲ್ಲ. ನಾಲ್ಕಾರು ಸಲ ತಟ್ಟಿದಾಗೊಮ್ಮೆ ಕತ್ತಿ ತೆರೆದು ನೋಡಬೇಕು. ಅಲಗು ಯಾವ ಕೋನದಲ್ಲಿ ಬಿಟ್ಟರೂ ಅಲ್ಲೇ ನಿಲ್ಲುವಷ್ಟು ಬಿಗಿ ಬಂದಾಗ ನಿಲ್ಲಿಸಿದೆ.

ಮಸೆಯುವುದು ಎಲ್ಲಕ್ಕಿಂತ ಕೊನೆಗೆ, ಯಾಕೆಂದರೆ ಹರಿತವಾದ ಅಲಗಿನೊಂದಿಗೆ ಸುತ್ತಿಗೆ ಕೆಲಸ ಮಾಡಬಾರದು. ಈ ಕತ್ತಿಗಳಲ್ಲಿ ಬೆನ್ನು ಮತ್ತು ಬಾಯಿ ಎರಡೂ ಕಲ್ಲಿಗೆ ತಾಗಿಕೊಂಡೇ ಚಲಿಸುತ್ತವೆ, ಕೋನವನ್ನು ಬೆನ್ನೇ ಕಾಯುತ್ತದೆ. ಒಂದು ಮಿಲಿಮೀಟರ್ ಅಗಲ ಕಳೆದದ್ದರಿಂದ ಸುಮಾರು 16 ಡಿಗ್ರಿಯಿದ್ದ ಕೋನ 17 ದಾಟಿತು. ಅಷ್ಟು ನಡೆಯುತ್ತದೆ. ಸಾವಿರದ ಕಲ್ಲಿನಿಂದ ಮೊದಲುಮಾಡಿ ಐದು ಸಾವಿರ, ಎಂಟು ಸಾವಿರ, ಹನ್ನೆರಡು ಸಾವಿರ. ಆಮೇಲೆ ಚರ್ಮದ ಪಟ್ಟಾ. ಅದನ್ನು ಮಾತ್ರ ಕಾಕಾ ನನ್ನ ಕೈಗೆ ಕೊಡಲಿಲ್ಲ. ಅವರ ಮಣಿಕಟ್ಟು ತಿರುಗುವುದನ್ನು ನೋಡಿದ ಮೇಲೆ ನನಗೂ ಕೇಳುವ ಮನಸ್ಸಾಗಲಿಲ್ಲ.

ಈಗ ಕತ್ತಿ ಅವರ ಮನೆಯಲ್ಲಿದೆ, ಅವರ ಮುಖಕ್ಕೆ ಮಾತ್ರ. ಸಲೂನಿನಲ್ಲಿ ಬಳಸಬಾರದು ಎಂದು ಮೊದಲೇ ಮಾತಾಗಿತ್ತು. ಒಬ್ಬರಿಂದ ಒಬ್ಬರಿಗೆ ಹೋಗುವಾಗ ಬ್ಲೇಡಿನಂತೆ ಬದಲಿಸಲಾಗದ ಅಲಗು ಇದು, ನಂಜು ಕಳೆಯಲು ಕುದಿಸಿದರೆ ತುಕ್ಕು ಹಿಡಿಯುತ್ತದೆ. ಇಡೀ ಕತ್ತಿಯನ್ನು ನೀರಿನಲ್ಲಿ ಅದ್ದಬಾರದು, ಪಿನ್ನಿನೊಳಗೆ ಹೋದ ನೀರು ಹೊರಬರುವುದಿಲ್ಲ. ಕೊಬ್ಬರಿ ಎಣ್ಣೆ ಹಚ್ಚುವ ರೂಢಿ ಬಿಡಿಸಲು ಸ್ವಲ್ಪ ವಾದ ಮಾಡಬೇಕಾಯಿತು. ಅದು ಕಮಟಾಗುತ್ತದೆ, ಡಿಸೆಂಬರಿನ ಬೆಳಗಾವಿಯಲ್ಲಿ ಪಿನ್ನಿನಲ್ಲೇ ಹೆಪ್ಪುಗಟ್ಟುತ್ತದೆ. ಹೊಲಿಗೆ ಮಷೀನಿನ ಎಣ್ಣೆ ಒಂದು ಹನಿ ಸಾಕು. ತಗಡಿನ ಡಬ್ಬಿ ಹೋಗಿ ಗಾಳಿಯಾಡುವ ಬಟ್ಟೆಯ ಸುರುಳಿ ಬಂದಿದೆ.

ಉಳಿದ ಎರಡು ಕತ್ತಿಗಳ ಚುಕ್ಕೆ ತೆಗೆದು, ಕೊಂಬಿಗೆ ಎಣ್ಣೆ ತಿಕ್ಕಿ ಹಾಗೇ ವಾಪಸು ಕೊಟ್ಟೆ. ಅವುಗಳಲ್ಲಿ ಒಂದು ಶೆಫೀಲ್ಡಿನ ದಪ್ಪ ಅಲಗಿನದು, ಬಾಲದಲ್ಲಿ ಸೀಸದ ಬೆಣೆ ಇರುವಂಥದ್ದು. ಇದರ ಕೊಂಬು ಎಂದಾದರೂ ಒಡೆದರೆ ಇದಕ್ಕೆ ಹಿತ್ತಾಳೆ ನಡೆದೀತು ಎಂದು ಬಾಯ್ತಪ್ಪಿ ಹೇಳಿಬಿಟ್ಟೆ. ಕಾಕಾ ಕೂಡಲೇ ಕನ್ನಡಕ ಏರಿಸಿ, ಹಿಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಎರಡೂ ಪಕ್ಕೆಯನ್ನು ಉಗುರಿನಿಂದ ತಟ್ಟಿ ನೋಡಿದರು.

"ಗಟ್ಟಿ ಐತಲ್ಲೋ ಇನ್ನೂ," ಅಂದರು, ಸ್ವಲ್ಪ ಬೇಸರದಿಂದಲೇ.